ಕೋಲಾರ ಚಿನ್ನದ ಗಣಿಗಳ ವಲಸೆ ಕಾರ್ಮಿಕರು: ಅಪರಾಧ ಮತ್ತು ವೈಯಕ್ತಿಕ ಸುರಕ್ಷತೆ

ಕೋಲಾರ ಚಿನ್ನದ ಗಣಿಗಳ ವಲಸೆ ಕಾರ್ಮಿಕರಲ್ಲಿ ಅಪರಾಧ ಮತ್ತು ವೈಯಕ್ತಿಕ ಸುರಕ್ಷತೆ ಎಂಬುದು, ಇಂದಿನ ಕರ್ನಾಟಕದ ಕೋಲಾರ ಜಿಲ್ಲೆಯ ಕೆಜಿಎಫ್ (ಕೋಲಾರ್ ಗೋಲ್ಡ್ ಫೀಲ್ಡ್ಸ್) ಮತ್ತು ಬಂಗಾರಪೇಟೆ ಪ್ರದೇಶಕ್ಕೆ ಹೊರನಾಡುಗಳಿಂದ ದುಡಿಯಲು ಬಂದವರ ಮೇಲೆ ಹೊರಿಸಲಾದ ಅಪರಾಧಗಳು, ಅವರೇ ಬಲಿಯಾದ ಅಪರಾಧಗಳು, ಅವರ ಜೀವಕ್ಕಿದ್ದ ಅಪಾಯಗಳು ಹಾಗೂ ಇವನ್ನು ತಡೆಯಲು ರೂಪುಗೊಂಡ ಕಾನೂನು, ಕಾವಲು ಮತ್ತು ಸಂಘಟನೆಗಳನ್ನು ಒಳಗೊಂಡ ಸಾಮಾಜಿಕ ಚರಿತ್ರೆಯ ವಿಷಯ. ಆಧುನಿಕ ಗಣಿಗಾರಿಕೆ ನೆಲೆಗೊಂಡ 1880ರ ದಶಕದಿಂದ ಗಣಿಗಳು ಮುಚ್ಚಿದ 2001ರವರೆಗಿನ ಅವಧಿ ಇದರ ಮುಖ್ಯ ವ್ಯಾಪ್ತಿ. ಗಣಿ ಮುಚ್ಚಿದ ನಂತರ ಇದೇ ಜನ ಬೆಂಗಳೂರಿಗೆ ದುಡಿಯಲು ಹೋಗತೊಡಗಿದ್ದರಿಂದ ಇಂದಿನ ಪರಿಸ್ಥಿತಿಯೂ ಇದರಲ್ಲಿ ಸೇರುತ್ತದೆ.

ಪರಿಭಾಷೆ

ಈ ಲೇಖನದಲ್ಲಿ ‘ವಲಸೆ ಕಾರ್ಮಿಕ’ ಎಂದರೆ ಮೈಸೂರು ಸಂಸ್ಥಾನದ ಹೊರಗಿನಿಂದ, ಮುಖ್ಯವಾಗಿ ಮದರಾಸು ಪ್ರಾಂತ್ಯದ ಜಿಲ್ಲೆಗಳಿಂದ, ಗಣಿ ಕೆಲಸಕ್ಕೆಂದು ಬಂದವರು ಮತ್ತು ಗಣಿಯ ವಸತಿಗಳಲ್ಲೇ ಬೆಳೆದ ಅವರ ಮುಂದಿನ ತಲೆಮಾರು. ‘ಗಣಿ ಸಾಮಗ್ರಿ’ ಎಂದರೆ ಚಿನ್ನ ಬೆರೆತ ಅದಿರು, ಪಾದರಸ ಮತ್ತು ಚಿನ್ನ ಕೂಡಿದ ಮುದ್ದೆ, ಶುದ್ಧಿಗೊಳ್ಳದ ಚಿನ್ನ ಮೊದಲಾದವು. ‘ಲೈನ್’ ಎಂದರೆ ಕಂಪನಿಗಳು ಕಾರ್ಮಿಕರಿಗಾಗಿ ಸಾಲುಸಾಲಾಗಿ ಕಟ್ಟಿಸಿದ ವಸತಿ. ‘ವಾಚ್ ಅಂಡ್ ವಾರ್ಡ್’ ಎಂದರೆ ಗಣಿ ಕಂಪನಿಗಳು ತಮ್ಮ ಖರ್ಚಿನಲ್ಲಿ ಇಟ್ಟುಕೊಂಡಿದ್ದ ಕಾವಲು ಪಡೆ. ಇದು ಸರ್ಕಾರದ ಪೊಲೀಸ್ ಪಡೆಗಿಂತ ಬೇರೆ. ‘ಶಿಲಾಸ್ಫೋಟ’ ಎಂದರೆ ಆಳದ ಗಣಿಯಲ್ಲಿ ಒತ್ತಡಕ್ಕೆ ಸಿಕ್ಕ ಬಂಡೆ ಹಠಾತ್ತನೆ ಸಿಡಿಯುವುದು. ಸಿಡಿಮದ್ದು ಇಟ್ಟು ಬಂಡೆ ಒಡೆಯುವ ಕ್ರಿಯೆಗೆ ಈ ಪದ ಅನ್ವಯಿಸುವುದಿಲ್ಲ.

ಹಿನ್ನೆಲೆ

ಉರಿಗಾಂ ಮತ್ತು ಮಾರಿಕುಪ್ಪಂ ಗ್ರಾಮಗಳ ಸುತ್ತ ಸ್ಥಳೀಯರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಗುರುತಿಸಿ ವರದಿ ಮಾಡಿದ. ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಮೈಕೇಲ್ ಲವೆಲ್ 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿ ಹಕ್ಕನ್ನು ಪಡೆದ. ಬಂಡವಾಳ ಸಾಲದೆ ಹಕ್ಕು ಬೇರೆಯವರ ಕೈ ಸೇರಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ನಿರ್ವಹಣೆಗೆ ಬಂದು, 1880ರ ದಶಕದ ಮಧ್ಯದಲ್ಲಿ ಚಾಂಪಿಯನ್ ಅದಿರು ಪದರ ಪತ್ತೆಯಾದ ಮೇಲೆ ಗಣಿಗಳು ಲಾಭಕ್ಕೆ ತಿರುಗಿದವು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಮತ್ತು ಬಾಲಘಾಟ್ ಇಲ್ಲಿನ ಪ್ರಮುಖ ಗಣಿಗಳು. ಉತ್ಪಾದನೆಯ ಮೇಲೆ ಶೇ. 5ರಷ್ಟು ರಾಜಧನ ಮೈಸೂರು ಸರ್ಕಾರಕ್ಕೆ ಸಲ್ಲುತ್ತಿತ್ತು. ಗಣಿಯಿಂದ ಕದ್ದ ಚಿನ್ನ ಲೆಕ್ಕಕ್ಕೆ ಸೇರದ ಕಾರಣ ಕಳವಿನ ನಷ್ಟ ಕಂಪನಿಯ ಜೊತೆಗೆ ಸರ್ಕಾರಕ್ಕೂ ತಟ್ಟುತ್ತಿತ್ತು. ಕಳವಿನ ವಿರುದ್ಧ ವಿಶೇಷ ಕಾನೂನು ತರುವಲ್ಲಿ ಇಬ್ಬರ ಹಿತವೂ ಒಂದಾಗಿತ್ತು.

ಗಣಿಯ ಆಳದ ಕೆಲಸಕ್ಕೆ ಸುತ್ತಲ ಕನ್ನಡ ಮತ್ತು ತೆಲುಗು ರೈತ ಕುಟುಂಬಗಳಿಂದ ಹೆಚ್ಚು ಜನ ಬರಲಿಲ್ಲ. ಉತ್ತರ ಆರ್ಕಾಟ್, ದಕ್ಷಿಣ ಆರ್ಕಾಟ್, ಸೇಲಂ ಮೊದಲಾದ ತಮಿಳು ಜಿಲ್ಲೆಗಳ ಭೂಹೀನರು, ಬಹುಪಾಲು ಆದಿದ್ರಾವಿಡ ಸಮುದಾಯದವರು, ಮುಖ್ಯ ಕಾರ್ಮಿಕ ವರ್ಗವಾದರು. ಚಿತ್ತೂರು ಕಡೆಯ ತೆಲುಗು ಭಾಷಿಕರು ನಂತರದ ಸ್ಥಾನದಲ್ಲಿದ್ದರು. ಹಳ್ಳಿಯ ಜಾತಿ ಕಟ್ಟಳೆ ಮತ್ತು ಜೀತದಿಂದ ಬಿಡುಗಡೆ, ನಗದು ಕೂಲಿ, ಪದೇಪದೇ ಬರುತ್ತಿದ್ದ ಬರಗಾಲ ಇವು ವಲಸೆಯ ಕಾರಣಗಳು. ಮೇಲ್ವಿಚಾರಣೆಯ ಹುದ್ದೆಗಳಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಗಣಿಗಾರರೂ ಇಟಾಲಿಯನ್ನರೂ ಆಂಗ್ಲೋ ಇಂಡಿಯನ್ನರೂ ಇದ್ದರು. ಕಾವಲು ಕೆಲಸಕ್ಕೆ ಪಂಜಾಬಿಗಳನ್ನು ತರಲಾಗಿತ್ತು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಗಣಿಗಳ ಕಾರ್ಮಿಕರ ಸಂಖ್ಯೆ ಇಪ್ಪತ್ತರಿಂದ ಮೂವತ್ತು ಸಾವಿರದ ಆಸುಪಾಸಿನಲ್ಲಿತ್ತು.

ಕೆಲಸ ಮತ್ತು ವಸತಿಯ ರಚನೆ

ಕಾರ್ಮಿಕರ ನೇಮಕ ಬಹುಮಟ್ಟಿಗೆ ಕಂಟ್ರಾಕ್ಟರು ಮತ್ತು ಮೇಸ್ತ್ರಿಗಳ ಮೂಲಕ ನಡೆಯುತ್ತಿತ್ತು. ಮೇಸ್ತ್ರಿ ತನ್ನ ಊರು, ಕುಲದವರಿಗೆ ಮುಂಗಡ ಕೊಟ್ಟು ಕರೆತಂದು, ಅವರ ಗುಂಪಿನ ಕೆಲಸಕ್ಕೂ ಹಾಜರಿಗೂ ಹೊಣೆಯಾಗುತ್ತಿದ್ದ. ಕೂಲಿ ಅವನ ಕೈಯಿಂದಲೇ ಬಟವಾಡೆಯಾಗುತ್ತಿದ್ದಾಗ ಮುಂಗಡದ ಕಂತು, ದಂಡ ಮತ್ತು ಅವನ ಪಾಲು ಮುರಿದುಕೊಂಡು ಉಳಿದದ್ದು ಕಾರ್ಮಿಕನಿಗೆ ಸಿಗುತ್ತಿತ್ತು. ಕಂಪನಿಯ ಲೆಕ್ಕದಲ್ಲಿ ಕಾರ್ಮಿಕನ ಹೆಸರಿಗಿಂತ ಮೇಸ್ತ್ರಿಯ ಗುಂಪೇ ಎದ್ದು ಕಾಣುತ್ತಿದ್ದುದರಿಂದ, ಒಂದು ಗಣಿಯಲ್ಲಿ ಕೆಲಸ ಕಳೆದುಕೊಂಡವನು ಬೇರೆ ಹೆಸರಿನಲ್ಲಿ ಇನ್ನೊಂದು ಗಣಿ ಸೇರುವುದು ಸಾಧ್ಯವಿತ್ತು. ಮುಂದೆ ಗುರುತು ನೋಂದಣಿಯ ವಿವಾದಕ್ಕೆ ಇದೇ ಕಾರಣವಾಯಿತು.

ಆರಂಭದ ವಸತಿಗಳು ಬಿದಿರು ತಟ್ಟಿಯ ಗುಡಿಸಲುಗಳು. ಒಂದೇ ಕೋಣೆಯ ಈ ಮನೆಗಳಲ್ಲಿ ಬೆಂಕಿ ಮತ್ತು ಸಾಂಕ್ರಾಮಿಕ ರೋಗದ ಭಯ ಸದಾ ಇತ್ತು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಗಣಿ ಪ್ರದೇಶಕ್ಕೂ ಹಬ್ಬಿತು. ದಟ್ಟಣೆ ತಗ್ಗಿಸಲು ಯೋಜಿಸಿದ ಊರನ್ನು ಮೈಸೂರಿನ ಆಗಿನ ಬ್ರಿಟಿಷ್ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನಲ್ಲಿ ರಾಬರ್ಟ್‌ಸನ್‌ಪೇಟೆ ಎಂದು ಕರೆದರು. ಇನ್ನೊಂದು ಬದಿಯಲ್ಲಿ ಆಂಡರ್ಸನ್‌ಪೇಟೆ ಬೆಳೆಯಿತು. ಕಂಪನಿಯ ನೆಲದಲ್ಲಿದ್ದ ಲೈನುಗಳಲ್ಲಿ ಯಾರು ವಾಸಿಸಬೇಕು, ಯಾರು ಬಂದುಹೋಗಬಹುದು ಎಂಬುದರ ಮೇಲೆ ಕಂಪನಿಗೆ ಹಿಡಿತವಿತ್ತು. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಪೇಟೆಗಳಲ್ಲಿ ಅಂಗಡಿ, ಸಾರಾಯಿ ಮಳಿಗೆ, ಲೇವಾದೇವಿ ಮತ್ತು ಅಕ್ಕಸಾಲಿಗ ವೃತ್ತಿ ಕಂಪನಿಯ ನೇರ ಹಿಡಿತದ ಹೊರಗೆ ನಡೆಯುತ್ತಿದ್ದವು.

ಅಪರಾಧದ ಬಗೆಗಳು

ಚಿನ್ನ ಕಳವು: ಗಣಿ ಪ್ರದೇಶದ ಅಪರಾಧ ದಾಖಲೆಗಳಲ್ಲಿ ಆಡಳಿತದ ಗಮನ ಹೆಚ್ಚು ಹರಿದದ್ದು ಇದರ ಮೇಲೆ. ಕಳವಿಗೆ ಅವಕಾಶವಿದ್ದ ಹಂತಗಳು ಮೂರು. ಮೊದಲನೆಯದು ನೆಲದಡಿಯ ಅದಿರು ಮುಖ. ಇಲ್ಲಿ ಚಿನ್ನ ಕಣ್ಣಿಗೆ ಕಾಣುವಷ್ಟು ದಟ್ಟವಾಗಿರುವ ಕಲ್ಲು ಸಿಕ್ಕಿದಾಗ ಅದರ ಚೂರುಗಳನ್ನು ಬಟ್ಟೆಯಲ್ಲೋ ಮೈಮೇಲೋ ಅಡಗಿಸಿ ಮೇಲೆ ತರುತ್ತಿದ್ದರು. ಎರಡನೆಯದು ಅದಿರು ಅರೆಯುವ ಮಿಲ್. ಕುಟ್ಟಿದ ಅದಿರಿನ ಕೆಸರು ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಯುವಾಗ ಚಿನ್ನ ಪಾದರಸಕ್ಕೆ ಅಂಟುತ್ತದೆ. ಹಾಗೆ ಅಂಟಿದ ಮುದ್ದೆ ಸ್ವಲ್ಪವೇ ಆದರೂ ಬೆಲೆಬಾಳುತ್ತಿತ್ತು. ಮೂರನೆಯದು ಸೈನೈಡ್ ವಿಧಾನದಿಂದ ಚಿನ್ನ ಬೇರ್ಪಡಿಸುವ ಮತ್ತು ಕರಗಿಸುವ ವಿಭಾಗ. ಇಲ್ಲಿ ಕೆಲಸ ಮಾಡುವವರು ಕಡಿಮೆ, ಕಾವಲು ಹೆಚ್ಚು.

ಕದ್ದ ಅದಿರು ಹಾಗೆಯೇ ಮಾರಾಟವಾಗುವ ವಸ್ತುವಲ್ಲ. ಅದನ್ನು ಅರೆದು, ಪಾದರಸದಿಂದ ಹಿಡಿದು, ಕಾಯಿಸಿ, ಗಟ್ಟಿ ಮಾಡಿ, ಸಾಮಾನ್ಯ ಒಡವೆ ಚಿನ್ನದೊಡನೆ ಬೆರೆಸಬೇಕು. ಆದ್ದರಿಂದ ಕಳವು ಎಂಬುದು ಒಬ್ಬ ಕಾರ್ಮಿಕನ ಕೃತ್ಯವಾಗಿ ಮುಗಿಯುತ್ತಿರಲಿಲ್ಲ. ಮೇಲೆ ತರುವವನು, ಕೈ ಬದಲಾಯಿಸುವವನು, ಕರಗಿಸುವವನು ಮತ್ತು ಕೊಳ್ಳುವವನು ಸೇರಿದ ಸರಪಳಿ ಅದಕ್ಕೆ ಬೇಕಿತ್ತು. ಲಾಭದ ಹೆಚ್ಚಿನ ಪಾಲು ಸರಪಳಿಯ ಕೊನೆಯಲ್ಲಿದ್ದವನಿಗೆ ಹೋಗುತ್ತಿತ್ತು. ಸಿಕ್ಕಿಬೀಳುವ ಸಾಧ್ಯತೆ ಮಾತ್ರ ತಪಾಸಣೆಗೆ ಒಳಗಾಗುತ್ತಿದ್ದ ಮೊದಲಿನವನಿಗೆ ಹೆಚ್ಚು.

ಮುಂಗಡ ಮತ್ತು ಪರಾರಿ: ಮುಂಗಡ ಪಡೆದು ಕೆಲಸಕ್ಕೆ ಬಾರದಿರುವುದು ಅಥವಾ ನಡುವೆ ಬಿಟ್ಟುಹೋಗುವುದು ವಸಾಹತು ಕಾಲದಲ್ಲಿ ದಂಡನೀಯವಾಗಿತ್ತು. 1859ರ ಕಾರ್ಮಿಕ ಕರಾರು ಭಂಗ ಕಾಯ್ದೆ ಬ್ರಿಟಿಷ್ ಭಾರತದಲ್ಲಿ ಇಂಥ ನಡವಳಿಕೆಯನ್ನು ಅಪರಾಧವೆಂದು ಎಣಿಸಿತ್ತು ಮತ್ತು 1920ರ ದಶಕದಲ್ಲಿ ರದ್ದಾಯಿತು. ಕೋಲಾರದ ಕಾರ್ಮಿಕ ಬೆಳೆ ಕೊಯ್ಲು, ಹಬ್ಬ, ಸಾವುನೋವುಗಳಿಗೆ ಊರಿಗೆ ಹೋಗಿ ಬರುತ್ತಿದ್ದ. ಕಂಪನಿಯ ಕಣ್ಣಿಗೆ ಇದು ಗೈರುಹಾಜರಿ ಇಲ್ಲವೇ ಪರಾರಿ.

ಮದ್ಯ ಮತ್ತು ಹಲ್ಲೆ: ಸಾರಾಯಿ ಮತ್ತು ಹೆಂಡದ ಗುತ್ತಿಗೆ ಮೈಸೂರು ಸರ್ಕಾರದ ಅಬಕಾರಿ ಆದಾಯದ ಮೂಲವಾಗಿತ್ತು. ಕೂಲಿ ಬಟವಾಡೆಯ ದಿನಗಳಲ್ಲಿ ಜಗಳ, ಹೊಡೆದಾಟಗಳು ಹೆಚ್ಚುತ್ತಿದ್ದವು. ಕರ್ನಾಟಕದಲ್ಲಿ ಸಾರಾಯಿ ಮಾರಾಟ 2007ರ ಜುಲೈ 1ರಿಂದ ನಿಷೇಧಗೊಂಡಿತು.

ಕಾರ್ಮಿಕರ ವಿರುದ್ಧದ ಅಪರಾಧಗಳು: ಮೇಲ್ವಿಚಾರಕರ ಹೊಡೆತ, ಮೇಸ್ತ್ರಿಯ ಅಕ್ರಮ ಕಡಿತ, ಲೇವಾದೇವಿಗಾರರ ಬೆದರಿಕೆ, ತಪಾಸಣೆಯ ವೇಳೆಯ ಅವಮಾನ ಈ ಗುಂಪಿನಲ್ಲಿ ಬರುತ್ತವೆ. ಇವುಗಳಲ್ಲಿ ಬಹುಪಾಲು ಪೊಲೀಸ್ ಠಾಣೆಯ ಪುಸ್ತಕಕ್ಕೆ ಏರದೆ, ಮುಷ್ಕರದ ಬೇಡಿಕೆಪಟ್ಟಿಗಳಲ್ಲಿ ಮತ್ತು ಅರ್ಜಿಗಳಲ್ಲಿ ದಾಖಲಾದವು. ಹೀಗಾಗಿ ಪೊಲೀಸ್ ಅಂಕಿಅಂಶಗಳಿಂದ ಮಾತ್ರ ಈ ಪ್ರದೇಶದ ಅಪರಾಧದ ಪೂರ್ಣ ಚಿತ್ರ ಸಿಗುವುದಿಲ್ಲ.

ಕಾನೂನು ಮತ್ತು ಕಾವಲು

ಮೈಸೂರು ಸರ್ಕಾರ 1894ರಲ್ಲಿ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿತು. ಅದರ ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. ನಂತರ ಬಂದ ಡಬ್ಲ್ಯು. ಎಫ್. ಸ್ಮೀತ್ ಕಾಲದಲ್ಲಿ ಗಣಿ ತಪಾಸಣೆಯ ಹೊಣೆಯೂ ಈ ಇಲಾಖೆಗೆ ಸೇರಿತು. ಗಣಿ ಕಳವಿನ ವಿರುದ್ಧದ ವಿಶೇಷ ನಿಯಮಗಳು 19ನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ 1906ರ ಮೈಸೂರು ಗಣಿ ಕಾಯ್ದೆಯಲ್ಲಿ ಗಟ್ಟಿಯಾದವು. ಸಾಮಾನ್ಯ ದಂಡಸಂಹಿತೆಯಲ್ಲಿ ಕಳವನ್ನು ಸಾಬೀತುಪಡಿಸುವ ಹೊಣೆ ಫಿರ್ಯಾದಿಯದು. ಆದರೆ ಕದ್ದ ಚಿನ್ನ ಇಂಥ ಗಣಿಯದೇ ಎಂದು ತೋರಿಸುವುದು ಕಷ್ಟ. ಆದ್ದರಿಂದ ಗಣಿ ಸಾಮಗ್ರಿ ಒಬ್ಬನ ಬಳಿ ಸಿಕ್ಕರೆ ಅದು ಹೇಗೆ ಬಂತೆಂದು ಸಮಾಧಾನಕರವಾಗಿ ವಿವರಿಸುವ ಹೊಣೆಯನ್ನು ಅವನ ಮೇಲೆಯೇ ಹಾಕುವುದು ವಿಶೇಷ ಕಾನೂನಿನ ತಿರುಳಾಗಿತ್ತು.

ಗಣಿ ಪ್ರದೇಶಕ್ಕೆ ವಿಶೇಷ ಮ್ಯಾಜಿಸ್ಟ್ರೇಟ್ ಮತ್ತು ಪ್ರತ್ಯೇಕ ಪೊಲೀಸ್ ವ್ಯವಸ್ಥೆ ಇದ್ದವು. ಇವುಗಳ ಜೊತೆಗೆ ಕಂಪನಿಗಳ ವಾಚ್ ಅಂಡ್ ವಾರ್ಡ್ ಪಡೆ ಶಾಫ್ಟ್ (ಗಣಿಗೆ ಇಳಿಯುವ ಬಾವಿ) ಬಾಯಿ, ಮಿಲ್, ಸೈನೈಡ್ ವಿಭಾಗ ಮತ್ತು ಲೈನುಗಳನ್ನು ಕಾಯುತ್ತಿತ್ತು. ಪಾಳಿ ಮುಗಿಸಿ ಮೇಲೆ ಬಂದವರನ್ನು ಶೋಧಿಸಿ ಬಿಡುವುದು ಇದರ ನಿತ್ಯದ ಕೆಲಸ. ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ನೌಕರರ ಸ್ವಯಂಸೇವಕ ರೈಫಲ್ ದಳವೂ ಇತ್ತು.

ನ್ಯಾಯದ ವ್ಯಾಪ್ತಿಯಲ್ಲಿ ಒಂದು ಭೇದವಿತ್ತು. 1881ರಲ್ಲಿ ಮೈಸೂರಿನ ಆಡಳಿತವನ್ನು ಒಡೆಯರಿಗೆ ಹಿಂದಿರುಗಿಸಿದಾಗ ವಿಧಿಸಿದ ಷರತ್ತುಗಳಂತೆ, ಯುರೋಪಿಯನ್ ಬ್ರಿಟಿಷ್ ಪ್ರಜೆಗಳ ಮೇಲಿನ ಕ್ರಿಮಿನಲ್ ಅಧಿಕಾರವನ್ನು ಬ್ರಿಟಿಷ್ ಭಾರತ ಸರ್ಕಾರ ತನ್ನಲ್ಲೇ ಉಳಿಸಿಕೊಂಡಿತು. ಹೀಗಾಗಿ ಕಾರ್ಮಿಕನ ಮೇಲಿನ ಕಳವಿನ ಆರೋಪ ಸ್ಥಳೀಯ ಮ್ಯಾಜಿಸ್ಟ್ರೇಟರ ಮುಂದೆ ಬರುತ್ತಿತ್ತು. ಕಾರ್ಮಿಕನನ್ನು ಹೊಡೆದ ಯುರೋಪಿಯನ್ ಮೇಲ್ವಿಚಾರಕನ ಪ್ರಕರಣ ಮೈಸೂರಿನ ಸಾಮಾನ್ಯ ನ್ಯಾಯಾಲಯಗಳ ಕೈಗೆ ಸಿಗುತ್ತಿರಲಿಲ್ಲ.

ಬೆರಳಚ್ಚು ನೋಂದಣಿ: ಜಗತ್ತಿನ ಮೊದಲ ಬೆರಳಚ್ಚು ವಿಭಾಗ 1897ರಲ್ಲಿ ಕಲ್ಕತ್ತದಲ್ಲಿ ಆರಂಭವಾಯಿತು. ಕೋಲಾರದ ಗಣಿಗಳಲ್ಲಿ ಕಾರ್ಮಿಕರೆಲ್ಲರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮವನ್ನು 1930ರಲ್ಲಿ ಜಾರಿಗೆ ತರಲು ಹೊರಟಾಗ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಶಿಕ್ಷೆಗೊಳಗಾದವರಿಂದ ಪಡೆಯುವ ಗುರುತನ್ನು ಕೆಲಸ ಮಾಡುವವರೆಲ್ಲರಿಂದ ಪಡೆಯುವುದು ಅವರ ಮುಖ್ಯ ಆಕ್ಷೇಪ. ಒಮ್ಮೆ ಕೆಲಸದಿಂದ ತೆಗೆದವನನ್ನು ಬೇರೆ ಯಾವ ಗಣಿಯೂ ಸೇರಿಸಿಕೊಳ್ಳದಂತೆ ಮಾಡಲು ಇದು ಸಾಧನವಾಗುತ್ತದೆ ಎಂಬ ಆತಂಕವೂ ಇತ್ತು. ಹೆಸರಾಂತ ನಾಯಕರಾಗಲಿ ನೋಂದಾಯಿತ ಸಂಘವಾಗಲಿ ಇಲ್ಲದೆಯೇ ನಡೆದ ಈ ಮುಷ್ಕರ ಗಣಿ ಪ್ರದೇಶದ ದೊಡ್ಡ ಮುಷ್ಕರಗಳಲ್ಲಿ ಒಂದು.

ನೆಲದಡಿಯ ಅಪಾಯಗಳು

ಕಾರ್ಮಿಕನ ಜೀವಕ್ಕೆ ಹೆಚ್ಚಿನ ಅಪಾಯ ಬಂದದ್ದು ನೆಲದಡಿಯ ಕೆಲಸದಿಂದ. ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳಕ್ಕಿಳಿದು ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತು. ಆ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಅಪಾಯಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಶಿಲಾಸ್ಫೋಟ: ಅದಿರು ತೆಗೆದು ಖಾಲಿಯಾದ ಜಾಗದ ಸುತ್ತಲ ಬಂಡೆಯ ಮೇಲೆ ಒತ್ತಡ ಏರಿ ಅದು ಸಿಡಿಯುತ್ತಿತ್ತು. ಇದರ ಕಂಪನ ಮೇಲಿನ ಮನೆಗಳಿಗೂ ತಟ್ಟಿ ಗೋಡೆಗಳು ಬಿರುಕು ಬಿಡುತ್ತಿದ್ದವು. ಕೋಲಾರದಲ್ಲಿ ಶಿಲಾಸ್ಫೋಟ 19ನೆಯ ಶತಮಾನದ ಕೊನೆಯಿಂದಲೇ ದಾಖಲಾಗಿದೆ. ಇದರ ಅಧ್ಯಯನಕ್ಕೆ 1912ರಲ್ಲಿ ವೀಶರ್ಟ್ ಮಾದರಿಯ ಭೂಕಂಪನ ಮಾಪಕವನ್ನು ಸ್ಥಾಪಿಸಲಾಯಿತು. 1988ರಲ್ಲಿ ಕೆಜಿಎಫ್‌ನಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಆರಂಭವಾಯಿತು.

ಸಾಗಣೆ ಮತ್ತು ಸಿಡಿಮದ್ದು: ಶಾಫ್ಟ್‌ನಲ್ಲಿ ಜನರನ್ನು ಇಳಿಸುವ ತೊಟ್ಟಿಲಿನ ಹಗ್ಗ ಹರಿಯುವುದು, ಕಲ್ಲು ಉರುಳುವುದು, ಸಿಡಿಯದೆ ಉಳಿದ ಮದ್ದಿನ ಮೇಲೆ ಮತ್ತೆ ಕೊರೆಯುವುದು ಇವು ಸಾಮಾನ್ಯ ಅಪಘಾತಗಳು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ಉದ್ದದ ತಂತಿಯಲ್ಲಿ ವಿದ್ಯುತ್ ಬಂದ ಮೇಲೆ ಎತ್ತುವ ಯಂತ್ರ, ಗಾಳಿ ಮತ್ತು ಬೆಳಕಿನ ವ್ಯವಸ್ಥೆಗಳು ಸುಧಾರಿಸಿದವು.

ಸಿಲಿಕೋಸಿಸ್: ಕಲ್ಲಿನ ನುಣ್ಣನೆಯ ದೂಳು ಶ್ವಾಸಕೋಶದಲ್ಲಿ ಸೇರಿ ಬರುವ ಈ ರೋಗ ಕೋಲಾರದ ಕಾರ್ಮಿಕರಲ್ಲಿ ವ್ಯಾಪಕವಾಗಿತ್ತು. 1940ರ ಮೈಸೂರು ಸಿಲಿಕೋಸಿಸ್ ನಿಯಮಗಳು ಇದನ್ನು ಪರಿಹಾರಕ್ಕೆ ಅರ್ಹವಾದ ರೋಗವೆಂದು ಒಪ್ಪಿದವು. ಆ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಪರೀಕ್ಷೆ ನಡೆದಾಗ ಐವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿಗೆ ರೋಗದ ಲಕ್ಷಣವಿತ್ತು. ಕೊರೆಯುವಾಗ ನೀರು ಬಿಡುವುದು ಮತ್ತು ಗಾಳಿಯಾಟ ಹೆಚ್ಚಿಸುವುದು ಮುಖ್ಯ ತಡೆ ಕ್ರಮಗಳು.

ರಾಸಾಯನಿಕಗಳು: ಪಾದರಸದ ಆವಿ ಮತ್ತು ಸೈನೈಡ್ ಮೇಲ್ಮೈ ವಿಭಾಗಗಳ ಅಪಾಯ. ಕದ್ದ ಅದಿರನ್ನು ಮನೆಯೊಳಗೆ ಪಾದರಸ ಹಾಕಿ ಕಾಯಿಸುವವರಿಗೂ ಅವರ ಮನೆಯವರಿಗೂ ಇದೇ ಆವಿಯ ಅಪಾಯವಿತ್ತು.

ಸಂಘಟನೆ ಮತ್ತು ಮುಷ್ಕರಗಳು

ಕಾರ್ಮಿಕರ ರಕ್ಷಣೆಗೆ ಮೊದಲು ನೆರವಾದದ್ದು ಊರು, ಕುಲ ಮತ್ತು ಧರ್ಮದ ನಂಟುಗಳು. ಅಯೋತಿ ದಾಸ ಪಂಡಿತರ ಬೌದ್ಧ ಚಳವಳಿ 20ನೆಯ ಶತಮಾನದ ಆರಂಭದಲ್ಲಿ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್‌ಗಳಲ್ಲಿ ನೆಲೆಯೂರಿ, ಶಾಲೆ ಹಾಗೂ ಮದ್ಯವಿರೋಧಿ ಪ್ರಚಾರಗಳನ್ನು ನಡೆಸಿತು. ಕಾನೂನುಬದ್ಧ ಕಾರ್ಮಿಕ ಸಂಘಗಳಿಗೆ ಮೈಸೂರಿನಲ್ಲಿ ಮಾನ್ಯತೆ ದೊರೆತದ್ದು 1940ರ ದಶಕದ ಆರಂಭದ ಕಾರ್ಮಿಕ ಶಾಸನಗಳಿಂದ. ಆನಂತರ ಕೆ. ಎಸ್. ವಾಸನ್ ಮೊದಲಾದ ಕಮ್ಯುನಿಸ್ಟ್ ನಾಯಕರ ಕೆಳಗೆ ಸಂಘಟನೆ ಬಲಗೊಂಡಿತು. 1946ರ ಮುಷ್ಕರದ ಸಂದರ್ಭದಲ್ಲಿ ನವೆಂಬರ್ 4ರಂದು ನಡೆದ ಪೊಲೀಸ್ ಗೋಲಿಬಾರಿನಲ್ಲಿ ಆರು ಕಾರ್ಮಿಕರು ಸತ್ತರು. ಅವರ ನೆನಪಿಗೆ ಸ್ಮಾರಕ ನಿರ್ಮಿಸಲಾಗಿದೆ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಕಂಪನಿಯಾದವು. 1952ರ ಕೇಂದ್ರ ಗಣಿ ಕಾಯ್ದೆ ಕೆಲಸದ ವೇಳೆ, ಗಾಳಿಯಾಟ, ಅಪಘಾತ ವರದಿ ಮತ್ತು ತಪಾಸಣೆಗೆ ಏಕರೂಪದ ನಿಯಮ ತಂದಿತು.

ಬಂಗಾರಪೇಟೆಯ ಪಾತ್ರ

ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಹೆಸರು ಅದಕ್ಕೆ ಬಂದಿತ್ತು. ಜೋಲಾರಪೇಟೆಯಿಂದ ಬೆಂಗಳೂರಿನ ರೈಲು ಮಾರ್ಗ 1864ರಲ್ಲಿ ಆರಂಭವಾದ ಮೇಲೆ ಈ ನಿಲ್ದಾಣ ಗಣಿ ಪ್ರದೇಶದ ಹೆಬ್ಬಾಗಿಲಾಯಿತು. 1890ರ ದಶಕದಲ್ಲಿ ಇಲ್ಲಿಂದ ಉರಿಗಾಂ ಮಾರ್ಗವಾಗಿ ಮಾರಿಕುಪ್ಪಂಗೆ ಸುಮಾರು 16 ಕಿ.ಮೀ. ಕವಲು ಹಾಕಲಾಯಿತು. 1913ರಲ್ಲಿ ಕೋಲಾರಕ್ಕೆ ಕಿರುಮಾರ್ಗ ಬಂತು. ವಲಸೆ ಕಾರ್ಮಿಕರು ರೈಲು ಬದಲಾಯಿಸುವ ಜಾಗ, ಸಂತೆ ಮತ್ತು ಮಂಡಿಗಳ ಊರು, ಗಣಿ ಕಂಪನಿಯ ನೆಲದ ಹೊರಗಿನ ಸಮೀಪದ ಪೇಟೆ ಈ ಮೂರೂ ಬಂಗಾರಪೇಟೆಯೇ. ಗಣಿಯ ಕಾವಲು ವ್ಯವಸ್ಥೆ ರೈಲು ನಿಲ್ದಾಣದ ಬಳಿ ಮುಗಿದು ರೈಲ್ವೆ ಮತ್ತು ಜಿಲ್ಲಾ ಪೊಲೀಸರ ವ್ಯಾಪ್ತಿ ಅಲ್ಲಿ ಶುರುವಾಗುತ್ತಿತ್ತು.

ಗಣಿ ಪ್ರದೇಶಕ್ಕೆ ಪ್ರತ್ಯೇಕ ಪೊಲೀಸ್ ಇರಿಸುವ ಪದ್ಧತಿ ಇಂದಿಗೂ ಉಳಿದಿದೆ. ಕೆಜಿಎಫ್ ಪೊಲೀಸ್ ಜಿಲ್ಲೆಗೆ ತನ್ನದೇ ಪೊಲೀಸ್ ವರಿಷ್ಠಾಧಿಕಾರಿ ಇದ್ದು, ಕೋಲಾರ ಕಂದಾಯ ಜಿಲ್ಲೆಯೊಳಗೇ ಇದು ಬೇರೆ ಪೊಲೀಸ್ ಘಟಕ. ಕೆಜಿಎಫ್ ಜೊತೆ ಬಂಗಾರಪೇಟೆ ಕಡೆಯ ಠಾಣೆಗಳೂ ಇದರ ವ್ಯಾಪ್ತಿಯಲ್ಲಿವೆ.

ಭಾಷೆ ಮತ್ತು ಸಾಮಾಜಿಕ ಸುರಕ್ಷತೆ

ಗಣಿ ಪ್ರದೇಶದ ದೈನಂದಿನ ಭಾಷೆ ಬಹುಮಟ್ಟಿಗೆ ತಮಿಳು. ಆಡಳಿತದ ಭಾಷೆ ಮೊದಲು ಇಂಗ್ಲಿಷ್, ನಂತರ ಕನ್ನಡ. ಠಾಣೆಯಲ್ಲಿ ದೂರು ಕೊಡುವುದು, ಕೋರ್ಟಿನ ಕಾಗದ ಓದುವುದು, ಪರಿಹಾರದ ಅರ್ಜಿ ಬರೆಯುವುದು ಇವಕ್ಕೆ ಮಧ್ಯಸ್ಥರನ್ನು ಅವಲಂಬಿಸುವುದು ಸಾಮಾನ್ಯವಾಗಿತ್ತು. ಶಾಲೆಗಳಲ್ಲಿ ಕನ್ನಡದ ಸ್ಥಾನ ಕುರಿತ ಗೋಕಾಕ್ ವರದಿಯ 1982ರ ವಿವಾದದ ವೇಳೆ ಕೆಜಿಎಫ್‌ನಲ್ಲಿ ಭಾಷೆಯ ಪ್ರಶ್ನೆಯಿಂದ ಉದ್ವಿಗ್ನತೆ ಉಂಟಾಯಿತು. 1991ರ ಡಿಸೆಂಬರ್‌ನಲ್ಲಿ ಕಾವೇರಿ ನದಿ ನೀರಿನ ಮಧ್ಯಂತರ ತೀರ್ಪಿನ ಹಿನ್ನೆಲೆಯಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಿಂಸೆ ನಡೆಯಿತು.

ಇತರ ದೇಶಗಳೊಂದಿಗೆ ಹೋಲಿಕೆ

ಚಿನ್ನದ ಗಣಿಗಳಲ್ಲಿ ಹೊರನಾಡಿನ ಕಾರ್ಮಿಕರು ಎದುರಿಸಿದ ಸ್ಥಿತಿಗೆ ಹೆಚ್ಚು ಅಧ್ಯಯನಗೊಂಡ ಉದಾಹರಣೆ ಚೀನೀಯರದು. ಆಸ್ಟ್ರೇಲಿಯಾದ ಲ್ಯಾಂಬಿಂಗ್ ಫ್ಲಾಟ್‌ನಲ್ಲಿ 1861ರ ಜೂನ್ 30ರಂದು ಬಿಳಿಯ ಗಣಿಗಾರರ ಗುಂಪು ಚೀನೀ ಬಿಡಾರಗಳ ಮೇಲೆ ದಾಳಿ ಮಾಡಿತು. ಅಮೆರಿಕದ ವಯೋಮಿಂಗ್‌ನ ರಾಕ್ ಸ್ಪ್ರಿಂಗ್ಸ್ ಕಲ್ಲಿದ್ದಲು ಗಣಿ ಪಟ್ಟಣದಲ್ಲಿ 1885ರ ಸೆಪ್ಟೆಂಬರ್ 2ರಂದು ಕನಿಷ್ಠ 28 ಚೀನೀ ಕಾರ್ಮಿಕರನ್ನು ಕೊಲ್ಲಲಾಯಿತು.

ಕೋಲಾರಕ್ಕೆ ಇನ್ನೂ ಹತ್ತಿರವಾದ ಹೋಲಿಕೆ ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲ್. ಅಲ್ಲಿನ ಚಿನ್ನದ ಗಣಿಗಳಿಗೆ 1904ರಿಂದ ಅರುವತ್ತು ಸಾವಿರಕ್ಕೂ ಹೆಚ್ಚು ಚೀನೀಯರನ್ನು ಮೂರು ವರ್ಷಗಳ ಕರಾರಿನ ಮೇಲೆ ತರಲಾಯಿತು. ಅವರನ್ನು ಸುತ್ತುಗೋಡೆಯ ಬಿಡಾರಗಳಲ್ಲಿಟ್ಟು, ಹತ್ತೂ ಬೆರಳಿನ ಅಚ್ಚು ಪಡೆದು, ಪರವಾನಗಿ ಇಲ್ಲದೆ ಹೊರಹೋಗದಂತೆ ತಡೆಯಲಾಗಿತ್ತು. ತಪ್ಪಿಸಿಕೊಂಡವರು ತೋಟದ ಮನೆಗಳನ್ನು ದೋಚಿದ ಆರೋಪ ಒಂದು ಕಡೆಗಿತ್ತು. ಮೇಲ್ವಿಚಾರಕರು ಕಾರ್ಮಿಕರಿಗೆ ಛಡಿಯೇಟು ಕೊಟ್ಟ ವಿವಾದ ಇನ್ನೊಂದು ಕಡೆಗಿತ್ತು. ಈ ವಿವಾದ 1906ರ ಬ್ರಿಟಿಷ್ ಚುನಾವಣೆಯ ವಿಷಯವಾಯಿತು. 1910ರ ವೇಳೆಗೆ ಅವರನ್ನು ಮರಳಿ ಕಳುಹಿಸಲಾಯಿತು.

ಎರಡೂ ಕಡೆ ಮೂರು ಸಾಮ್ಯಗಳು ಕಾಣುತ್ತವೆ: ಅಮೂಲ್ಯ ಲೋಹದ ಕಳವಿಗೆ ವಿಶೇಷ ಕಾನೂನು, ದೇಹದ ತಪಾಸಣೆ ಮತ್ತು ಬೆರಳಚ್ಚಿನ ಗುರುತು. ವ್ಯತ್ಯಾಸಗಳೂ ಇವೆ. ಟ್ರಾನ್ಸ್‌ವಾಲ್‌ನ ಚೀನೀಯರು ಕರಾರು ಮುಗಿದೊಡನೆ ಹೊರಡಬೇಕಿತ್ತು, ಕುಟುಂಬ ತಂದವರು ವಿರಳ. ಕೋಲಾರದವರು ಕುಟುಂಬ ಸಮೇತ ಬಂದು ನೆಲೆಸಿದರು, ಊರಿನೊಂದಿಗೆ ನಂಟು ಉಳಿಸಿಕೊಂಡರು, ಗಣಿಯಿಂದ ಗಣಿಗೆ ಬದಲಾಯಿಸುವ ಅವಕಾಶ ಅವರಿಗಿತ್ತು.

ಇತ್ತೀಚಿನ ದಶಕಗಳಲ್ಲಿ ಆಫ್ರಿಕದ ಚಿನ್ನದ ಗಣಿಗಳಲ್ಲಿ ದುಡಿಯುವ ಚೀನೀಯರ ಸುರಕ್ಷತೆ ಮತ್ತೆ ಚರ್ಚೆಗೆ ಬಂದಿದೆ. 2013ರಲ್ಲಿ ಘಾನಾ ಸರ್ಕಾರ ಅಕ್ರಮ ಗಣಿಗಾರಿಕೆಯ ಕಾರಣಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಚೀನೀಯರನ್ನು ವಾಪಸು ಕಳುಹಿಸಿತು. 2023ರ ಮಾರ್ಚ್ 19ರಂದು ಮಧ್ಯ ಆಫ್ರಿಕ ಗಣರಾಜ್ಯದ ಬಂಬಾರಿ ಸಮೀಪದ ಚಿನ್ನದ ಗಣಿಯಲ್ಲಿ ಬಂದೂಕುಧಾರಿಗಳ ದಾಳಿಗೆ ಒಂಬತ್ತು ಚೀನೀಯರು ಬಲಿಯಾದರು.

ಅಧ್ಯಯನ ಮತ್ತು ಚಿತ್ರಣ

ಕೋಲಾರದ ಕಾರ್ಮಿಕರಲ್ಲಿ ಅಪರಾಧ, ಶಿಕ್ಷೆ ಮತ್ತು ದುಡಿಮೆಯ ಸಂಬಂಧವನ್ನು ಇತಿಹಾಸಕಾರ್ತಿ ಜಾನಕಿ ನಾಯರ್ ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಪ್ರಶಾಂತ್ ನೀಲ್ ನಿರ್ದೇಶನದ ಕನ್ನಡ ಚಲನಚಿತ್ರ ‘ಕೆಜಿಎಫ್’ ಭಾಗ 1 (2018) ಮತ್ತು ಭಾಗ 2 (2022) ಗಣಿ ಪ್ರದೇಶವನ್ನು ಅಪರಾಧ ಸಾಮ್ರಾಜ್ಯವಾಗಿ ತೋರಿಸಿದವು. ಇವು ಕಾಲ್ಪನಿಕ ಕಥೆಗಳು. ಪಾ. ರಂಜಿತ್ ನಿರ್ದೇಶನದ ತಮಿಳು ಚಿತ್ರ ‘ತಂಗಲಾನ್’ (2024) 19ನೆಯ ಶತಮಾನದ ವಲಸೆ ಮತ್ತು ಚಿನ್ನದ ಹುಡುಕಾಟವನ್ನು ಕಲ್ಪನೆ ಬೆರೆಸಿ ಹೇಳುತ್ತದೆ.

ಇಂದಿನ ಸ್ಥಿತಿ

ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸುಮಾರು 120 ವರ್ಷಗಳಲ್ಲಿ ತೆಗೆದ ಚಿನ್ನ 800 ಟನ್ ಎಂದು ಅಂದಾಜು. ಆ ಬಳಿಕ ಅಪಾಯಗಳ ಸ್ವರೂಪ ಬದಲಾಯಿತು. ಕಾವಲು ಕಡಿಮೆಯಾದ ಶಾಫ್ಟ್ ಮತ್ತು ಯಂತ್ರಶಾಲೆಗಳಿಂದ ಕಬ್ಬಿಣ, ತಾಮ್ರ ಕದಿಯುವುದು ಮತ್ತು ಅದಿರು ಹುಡುಕಿ ಒಳಗಿಳಿಯುವುದು ಹೊಸ ಬಗೆಯ ಅಪರಾಧಗಳಾದವು. ಗಾಳಿಯಾಟ ನಿಂತ, ನೀರು ತುಂಬಿದ ಸುರಂಗಗಳಲ್ಲಿ ಆಮ್ಲಜನಕದ ಕೊರತೆ ಮಾರಕ. 2020ರ ಮೇ ತಿಂಗಳಲ್ಲಿ ಹೀಗೆ ಇಳಿದ ಮೂವರು ಸತ್ತರು.

ಅದಿರು ಅರೆದುಳಿದ ಮಣ್ಣಿನ ರಾಶಿಗಳು, ಜನರ ಬಾಯಲ್ಲಿ ಸೈನೈಡ್ ದಿಬ್ಬಗಳು, ಸುಮಾರು 3.3 ಕೋಟಿ ಟನ್ ಇವೆ. ಬೇಸಿಗೆಯ ಗಾಳಿಗೆ ಇವುಗಳ ದೂಳು ಮನೆಗಳಿಗೆ ನುಗ್ಗುತ್ತದೆ. ಇಂಥ 13 ದಿಬ್ಬಗಳಿರುವ ಸುಮಾರು 1,003 ಎಕರೆಯಲ್ಲಿ ಮರುಗಣಿಗಾರಿಕೆಗೆ 2024ರ ಜೂನ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ಒಪ್ಪಿಗೆ ನೀಡಿತು.

ಕೆಲಸ ಕಳೆದುಕೊಂಡ ಕುಟುಂಬಗಳಲ್ಲಿ ಅನೇಕರು ಈಗ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುತ್ತಾರೆ. ಮಾರಿಕುಪ್ಪಂ ಮತ್ತು ಬಂಗಾರಪೇಟೆಯಿಂದ ಬೆಳಗಿನ ಜಾವ ಹೊರಡುವ ಗಾಡಿಗಳಲ್ಲಿ ದಟ್ಟಣೆ, ಬಾಗಿಲಲ್ಲಿ ನಿಂತು ಪ್ರಯಾಣ, ಜೇಬುಗಳವು, ರಾತ್ರಿ ನಿಲ್ದಾಣದಿಂದ ಮನೆಗೆ ಮಹಿಳೆಯರ ನಡಿಗೆ ಇವು ಇಂದಿನ ಸುರಕ್ಷತೆಯ ಪ್ರಶ್ನೆಗಳು. ರೈಲಿನಲ್ಲಿ ನೆರವಿಗೆ 139, ಇತರೆಡೆ ತುರ್ತು ನೆರವಿಗೆ 112 ಸಂಖ್ಯೆಗಳಿವೆ. ಹಳೆಯ ಲೈನ್ ಮನೆಗಳ ಹಕ್ಕುಪತ್ರ ಮತ್ತು ಮಾಜಿ ಕಾರ್ಮಿಕರ ಬಾಕಿ ಸೌಲಭ್ಯಗಳು ಗಣಿ ಮುಚ್ಚಿದ ಕಾಲದಿಂದ ಮುಂದುವರಿದಿರುವ ಬೇಡಿಕೆಗಳು.